ತಾನೇ ಹಿಂದಕ್ಕೆ ಬಂದ ಕಾರು

ಆ ಪಿಚ್ಚರನ್ನು ನಾನು ಪೂರ್ತಿ ನೋಡಲಿಲ್ಲ. ಭಾನುವಾರ ಮಧ್ಯಾಹ್ನ, ಊಟದ ಪಾತ್ರೆ ಇನ್ನೂ ಸಿಂಕಿನಲ್ಲೇ ಬಿದ್ದಿತ್ತು. ಟಿವಿಯಲ್ಲಿ ಯಾವುದೋ ದೇಶದ ದೆವ್ವದ ಪಿಚ್ಚರು ಕನ್ನಡದಲ್ಲಿ ಮಾತಾಡುತ್ತಿತ್ತು. ನನ್ನ ಮಗನ ವಯಸ್ಸಿನ ಒಬ್ಬ ಹುಡುಗ, ಅವನ ಹಿಂದೆ ಬಿದ್ದ ಒಂದು ಹಳೆಯ ಕಾರು. ಇಲ್ಲ, ಹುಡುಗನೇ ಕಾರಿನ ಹಿಂದೆ ಬಿದ್ದಿದ್ದ. ಯಾರು ಯಾರ ಹಿಂದೆ ಬಿದ್ದಿದ್ದಾರೆ ಎಂದು ತಿಳಿಯುವಷ್ಟರಲ್ಲಿ ನೋವಿನ ಮುಲಾಮಿನ ಜಾಹೀರಾತು ಬಂದುಬಿಡುತ್ತಿತ್ತು. ಆ ಹುಡುಗ ಊಟ ಬಿಟ್ಟ, ಮಾತು ಬಿಟ್ಟ, ಮನೆಯವರ ಮುಖ ನೋಡುವುದನ್ನೂ ಬಿಟ್ಟ. ಅವನ ತಾಯಿ ಹೊರಗೆ ನಿಂತು ಕಾರಿನ ಗಾಜು ತಟ್ಟುತ್ತಿದ್ದಳು. ಅವನು ಒಳಗಿನಿಂದ ಅವಳನ್ನು ಗುರುತೇ ಸಿಗದವನಂತೆ ನೋಡುತ್ತಿದ್ದ. ಅಲ್ಲಿಗೆ ಸರಿಯಾಗಿ ಕರೆಂಟು ಹೋಯಿತು.

ನಾನು ಎದ್ದು ಕಿಟಕಿಯ ಹತ್ತಿರ ಹೋದೆ. ನಂಜನಗೂಡಿನ ನಮ್ಮ ಮನೆಯ ಮುಂದೆ ಒಂದು ಸೈಟಿನಷ್ಟು ಖಾಲಿ ಜಾಗವಿದೆ. ಅಲ್ಲಿ ನಮ್ಮ ಕಪ್ಪು ಅಂಬಾಸಿಡರ್ ನಿಂತಿತ್ತು. ಗಾಜುಗಳನ್ನೆಲ್ಲ ಏರಿಸಿತ್ತು. ಒಳಗೆ ಸ್ಟೇರಿಂಗ್ ಹಿಡಿದುಕೊಂಡು ನನ್ನ ಮಗ ಕುಳಿತಿದ್ದ, ತುಟಿ ಅಲ್ಲಾಡುತ್ತಿತ್ತು.

ಟಿವಿ ಆರಿಹೋಗಿದೆಯೋ, ಪಿಚ್ಚರು ಹೊರಗೆ ಮುಂದುವರಿಯುತ್ತಿದೆಯೋ ತಿಳಿಯದೆ ಕಿಟಕಿಯ ಸರಳು ಹಿಡಿದು ನಿಂತೆ.

ಅವನು ಹಾಗೆ ಕುಳಿತುಕೊಳ್ಳಲು ಶುರುಮಾಡಿ ತಿಂಗಳ ಮೇಲಾಗಿತ್ತು. ಕುಳಿತುಕೊಳ್ಳಲಿ, ಫಸ್ಟ್ ಪಿಯುಸಿ ಓದುವ ಹುಡುಗನಿಗೆ ಕಾರಿನ ಹುಚ್ಚು ಹಿಡಿದರೆ ಅದೇನು ದೊಡ್ಡ ಸುದ್ದಿ? ನನ್ನನ್ನು ತಿನ್ನುತ್ತಿದ್ದುದು ಬೇರೆ. ಒಳಗಿನ ಕೋಣೆಯಲ್ಲಿ ನಮ್ಮ ಅತ್ತೆ ಸೊಂಟದ ಮೂಳೆ ಮುರಿದುಕೊಂಡು ಮಲಗಿದ್ದರು. ಮೈಸೂರಿನ ಆಸ್ಪತ್ರೆಯಲ್ಲಿ ರಾಡ್ ಹಾಕಿಸಿಕೊಂಡು ಬಂದ ದಿನದಿಂದ ಅವನು ಒಂದು ಸಲವೂ ಆ ಕೋಣೆಯ ಹೊಸ್ತಿಲು ದಾಟಿರಲಿಲ್ಲ. ಅಜ್ಜಿಯ ಸೆರಗು ಹಿಡಿದುಕೊಂಡೇ ಬೆಳೆದವನು ಅವನು. ಎಸ್ಸೆಸ್ಸೆಲ್ಸಿ ಪರೀಕ್ಷೆಗೂ ಅವರ ಕೈತುತ್ತು ತಿಂದು ಹೋಗಿದ್ದ.

ಅತ್ತೆ ದಿನಾ ಸಂಜೆ ಕೇಳುತ್ತಿದ್ದರು.

"ಉಡ್ಗ ಬಂದ್ನವ್ವಾ ಕಾಲೇಜಿಂದ?"

"ಬಂದ ಅತ್ತೆ."

"ಎಲ್ಲವ್ನೆ?"

"ಓದ್ತಾ ಇದ್ದಾನೆ."

ಅವರಿಗೆ ನನ್ನ ಸುಳ್ಳು ಗೊತ್ತಾಗುತ್ತಿತ್ತೋ ಏನೋ. ಬಾಗಿಲ ಕಡೆ ನೋಡಿ, ಸ್ವಲ್ಪ ಹೊತ್ತು ಬಿಟ್ಟು ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದರು. ಆ ಹೊತ್ತಿನಲ್ಲಿ ನನಗೆ ಮಗನ ಮೇಲೆ ಬರುತ್ತಿದ್ದ ಸಿಟ್ಟು ಅಷ್ಟಿಷ್ಟಲ್ಲ. ಸಿಟ್ಟಿನ ಅಡಿಯಲ್ಲಿ ಭಯವಿತ್ತು. ನನ್ನ ಮಗನನ್ನು ಏನೋ ಒಂದು ನಮ್ಮಿಂದ ಕಿತ್ತುಕೊಳ್ಳುತ್ತಿದೆ ಎನ್ನುವ ಭಯ.

ಕಾರು ನಮ್ಮ ಮನೆಗೆ ಬಂದದ್ದು ಟಿ. ನರಸೀಪುರದಿಂದ. ಅತ್ತೆಯ ಅಣ್ಣ ಅಲ್ಲಿ ಬಹಳ ಕಾಲ ಬಾಡಿಗೆಗೆ ಓಡಿಸುತ್ತಿದ್ದರು. ಕಣ್ಣಿಗೆ ಪೊರೆ ಬಂದ ಮೇಲೆ ಸೋದರಳಿಯನನ್ನು ಕರೆದು, ತುಕ್ಕು ಹಿಡಿಸಬೇಡ, ನೀನೇ ಇಟ್ಟುಕೋ ಎಂದು ಕೀ ಕೊಟ್ಟರು. ನಮ್ಮ ಮನೆಯವರು ಇಲ್ಲಿನ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸಕ್ಕೆ ಹೋಗುವವರು, ಸ್ಕೂಟರ್ ಬಿಟ್ಟರೆ ಸ್ವಂತದ್ದೆಂದು ಬೇರೆ ಗಾಡಿ ಕಂಡವರಲ್ಲ. ಕಾರು ತಂದ ದಿನ ಅವರ ನಡಿಗೆಯೇ ಬದಲಾಗಿತ್ತು. ಹಾಲು ತರಲೂ ಕೀ ಗೊಂಚಲು ಬೆರಳಿಗೆ ಸಿಕ್ಕಿಸಿಕೊಂಡು ಹೋದರು, ನಡೆದುಕೊಂಡೇ.

ನಮ್ಮೂರಿನವರು ಸೈಕಲ್ ಕೊಂಡರೂ ಮೊದಲು ದೇವಸ್ಥಾನದ ಮುಂದೆ ನಿಲ್ಲಿಸುತ್ತಾರೆ. ನಾವೂ ಒಂದು ಸೋಮವಾರ ಹೋದೆವು. ಅರ್ಚಕರು ಬಾನೆಟ್ಟಿಗೆ ವಿಭೂತಿ ಬಳಿದು, ಕುಂಕುಮ ಇಟ್ಟು, ಕಾಯಿ ಒಡೆದರು. ನಾಲ್ಕು ಚಕ್ರದ ಕೆಳಗೂ ಒಂದೊಂದು ನಿಂಬೆಹಣ್ಣು ಇಟ್ಟು, "ಹೂಂ, ಮುಂದಕ್ಕೆ ತಗೊಳ್ಳಿ" ಎಂದು ಹೇಳಿ ಪಕ್ಕದ ಹೊಸ ಬೈಕಿನ ಕಡೆಗೆ ನಡೆದರು. ಕಾರು ಮುಂದಕ್ಕೆ ಹೋಯಿತು. ಮೂರು ಹಣ್ಣು ಪಚಕ್ಕನೆ ಒಡೆದವು. ಹಿಂದಿನ ಎಡ ಚಕ್ರದ್ದು ಮಾತ್ರ ಜಾರಿ ಹೊರಗೆ ಉರುಳಿ, ತನಗೇನೂ ಸಂಬಂಧವಿಲ್ಲ ಎನ್ನುವ ಹಾಗೆ ಬಿಸಿಲಿನಲ್ಲಿ ಕುಳಿತಿತ್ತು.

ಒಡೆಯದ ನಿಂಬೆಹಣ್ಣಿಗೆ ಏನರ್ಥ? ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ, ಆದರೆ ಎಲ್ಲರಿಗೂ ಒಂದೊಂದು ಅಭಿಪ್ರಾಯವಿತ್ತು. ಹೂ ಮಾರುವ ಹೆಂಗಸು, "ಆಗೇ ಬುಟ್ಟೋಗ್ಬ್ಯಾಡಿ ಕಣ್ರವ್ವ" ಎಂದಳು. ಯಾರೋ ಒಬ್ಬರು ಕಾಲಿನಲ್ಲಿ ತುಳಿದುಬಿಡಿ ಎಂದರು. ಇನ್ನೊಬ್ಬರು, ತುಳಿದರೆ ತುಳಿದವನಿಗೇ ತಟ್ಟುತ್ತದೆ ಎಂದರು. ಮುಂದೆ ಆಟೋ ಬಂದು ನಿಂತುಬಿಟ್ಟಿದ್ದರಿಂದ ಮುಂದಕ್ಕೆ ಹೋಗುವ ಹಾಗಿರಲಿಲ್ಲ. ನಮ್ಮ ಅತ್ತೆ ಕೆಳಗೆ ನಿಂತು ಮಗನಿಗೆ ಆಜ್ಞೆ ಮಾಡಿದರು.

"ಇಂದಕ್ಕೆ ತಗಂಡು ಒಡುಸ್ಲಾ. ಅರ್ಧ ಪೂಜೆ ಮಾಡಿಸ್ಕಂಡು ಓಯ್ತೀಯಾ?"

ನಾನು ಮುಂದಿನ ಸೀಟಿನಲ್ಲಿ ಮಡಿಲಲ್ಲಿ ಕಾಯಿ ಹೋಳು ಇಟ್ಟುಕೊಂಡು ಕುಳಿತಿದ್ದೆ. ಮಗ ಕೆಳಗಿಳಿದು ಕಾರಿನ ಹಿಂದೆ ನಿಂತು ಮೊಬೈಲಿನಲ್ಲಿ ವಿಡಿಯೋ ಹಿಡಿಯುತ್ತಾ ದಾರಿ ಹೇಳುತ್ತಿದ್ದ. "ಬಾಪ್ಪ, ಬಾ, ಬಾ, ಇನ್ನೂ ಬಾ." ನಮ್ಮ ಮನೆಯವರು ಕನ್ನಡಿ ನೋಡುವ ಅಭ್ಯಾಸವಿಲ್ಲದೆ ಕುತ್ತಿಗೆ ತಿರುಗಿಸಿಕೊಂಡು ಅವನ ಮಾತಿನ ಮೇಲೆಯೇ ಕಾರು ಬಿಡುತ್ತಿದ್ದರು. ಅತ್ತೆ ಆ ಹಣ್ಣನ್ನು ಚಕ್ರದ ನೇರಕ್ಕೆ ಸರಿಯಾಗಿ ಇಡೋಣವೆಂದು ಹಿಂದೆ ಬಗ್ಗಿದ್ದು ನಮಗೆ ಕಾಣಲಿಲ್ಲ. ದಡ್ ಎಂದು ಸದ್ದಾಯಿತು, ಆಮೇಲೆ ಜನರ ಕೂಗು.

ನಾನು ಇಳಿದು ಓಡಿದೆ. ಅತ್ತೆ ಎಡಮಗ್ಗುಲಿಗೆ ಬಿದ್ದಿದ್ದರು. ಯಾರೋ ನಮ್ಮ ಮನೆಯವರನ್ನು ಕಾರಿನಿಂದ ಎಳೆಯುತ್ತಿದ್ದರು, ಯಾರೋ ಮಗನ ತೋಳು ಹಿಡಿದಿದ್ದರು, ಎಲ್ಲರೂ ಒಟ್ಟಿಗೆ ಬೈಯುತ್ತಿದ್ದರು. ಆ ಗಲಾಟೆಯಲ್ಲಿ ಅತ್ತೆ ನೆಲದಿಂದಲೇ ಕಿರುಚಿದರು.

"ಬುಡ್ರಲಾ ಅವ್ರನ್ನ! ಉಡ್ಗ ನಿಲ್ಸು ನಿಲ್ಸು ಅಂದ. ಇವ್ನೂ ಬ್ರೇಕು ಒತ್ದ. ಕಾರು ನಿಲ್ನಿಲ್ಲ. ತಾನೇ ಬಂತು ಕಣ್ರಲಾ, ತಾನೇ ಬಂತು!"

ಜನ ಕೈ ಬಿಟ್ಟರು. ಎಲ್ಲರೂ ಕಾರಿನಿಂದ ಒಂದು ಹೆಜ್ಜೆ ಹಿಂದಕ್ಕೆ ಸರಿದರು. ಹೂವಿನವಳು ತನ್ನ ಬುಟ್ಟಿಯನ್ನು ಇನ್ನೂ ಸ್ವಲ್ಪ ದೂರಕ್ಕೆ ಎಳೆದುಕೊಂಡಳು.

ನಮ್ಮ ಮನೆಯ ಗೊಂದಲ ಶುರುವಾದದ್ದು ಅಲ್ಲಿಂದ. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ನಮ್ಮ ಮನೆಯವರು ಪಿಸುಗುಟ್ಟಿದರು.

"ನಿಲ್ಸು ಅಂದಿದ್ದು ನಂಗೆ ಕೇಳ್ಲೇ ಇಲ್ವಲ್ಲಮ್ಮಿ. ನಿಂಗೆ ಕೇಳಿಸ್ತಾ?"

"ಇಲ್ಲ. ಇಲ್ಲ ಅನ್ಸುತ್ತೆ. ನೀವು ಬ್ರೇಕ್ ಒತ್ತಿದ್ರಾ?"

"ಅವ್ವ ಒತ್ದೆ ಅಂತಾಳಲ್ಲ. ಒತ್ತಿರ್ಬೇಕು."

ತಾನು ಮಾಡಿದ್ದನ್ನು ತಾಯಿಯ ಬಾಯಿಂದ ತಿಳಿದುಕೊಂಡ ಗಂಡಸನ್ನು ನಾನು ಅದೇ ಮೊದಲು ನೋಡಿದ್ದು. ಮಗ ಹಿಡಿದ ವಿಡಿಯೋ ನೋಡೋಣವೆಂದರೆ ಅದು ಅಳಿಸಿಹೋಗಿದೆ ಎಂದ. ಬ್ರೇಕು ಕೆಟ್ಟಿರಬಹುದು ಎಂದು ಮೆಕ್ಯಾನಿಕ್‌ಗೆ ತೋರಿಸಿದೆವು. ಅವನು ಎಲ್ಲಾ ಬಿಚ್ಚಿ ನೋಡಿ, ಬ್ರೇಕು ಚೆನ್ನಾಗಿದೆ ಎಂದ. ಕೆಟ್ಟಿದೆ ಎಂದಿದ್ದರೆ ನಮಗೆ ಎಷ್ಟೋ ಸಮಾಧಾನವಿರುತ್ತಿತ್ತು. ಬ್ರೇಕು ಚೆನ್ನಾಗಿದ್ದರೆ, ಒತ್ತಿದ್ದರೆ, ನಿಲ್ಲಿಸು ಎಂದು ಕೂಗಿಯೂ ಇದ್ದರೆ, ಅದು ಯಾಕೆ ನಿಲ್ಲಲಿಲ್ಲ?

ಬ್ರೆಡ್ಡು, ಮೂಸಂಬಿ ಹಿಡಿದು ನೋಡಲು ಬಂದವರಿಗೆಲ್ಲ ಅತ್ತೆ ಕತೆ ಹೇಳಿದರು. ಹೇಳುತ್ತಾ ಹೇಳುತ್ತಾ ಕತೆ ಬೆಳೆಯಿತು. "ನಮ್ಮಣ್ಣ ಅದ್ರಲ್ಲಿ ಎಷ್ಟ್ ಜನದ ಬೂದಿ ಸಂಗಮಕ್ಕೆ ಸಾಗ್ಸವ್ನೋ ಏನೋ. ಅದ್ರಲ್ಲಿ ಒಂದಾದ್ರೂ ಅಲ್ಲೇ ಕುಂತ್ಕಂಡಿರ್ಬೇಕು" ಎನ್ನುವವರೆಗೂ ಬಂತು. ಒಂದು ಮಧ್ಯಾಹ್ನ ಹೀಗೆ ಹೇಳುತ್ತಿರುವಾಗಲೇ ಹೊರಗೆ, ಒಳಗೆ ಯಾರೂ ಇಲ್ಲದ ಕಾರಿನ ಹಾರನ್ನು ತಾನಾಗಿ ಹೊಡೆದುಕೊಂಡಿತು. ನೋಡಲು ಬಂದಿದ್ದ ಹೆಂಗಸು ಕೊಡೆಯನ್ನೂ ಬಿಟ್ಟು ಹೊರಟುಹೋದಳು. ನಾನೂ ಆವತ್ತಿನಿಂದ ಕಾರಿನ ಮುಂದೆ ಹಾಯುವಾಗ ಸ್ವಲ್ಪ ದೂರದಿಂದ ಹಾಯತೊಡಗಿದೆ.

ನಾನು ಮುಂದಿನ ಕೋಣೆಯಲ್ಲಿ ರವಿಕೆ ಹೊಲಿಯುತ್ತೇನೆ. ಮೆಷೀನಿನ ಮುಂದೆ ಕುಳಿತರೆ ಕಾರು ಕಾಣುತ್ತದೆ. ಮಗ ಕಾಲೇಜಿನಿಂದ ಬಂದವನು ಬ್ಯಾಗು ಎಸೆದು ನೇರ ಕಾರಿಗೇ ಹೋಗುತ್ತಿದ್ದ. ಒರೆಸುತ್ತಿದ್ದ, ಅದರಲ್ಲೂ ಹಿಂದಿನ ಬಂಪರನ್ನು ಒರೆಸಿದ್ದೇ ಒರೆಸಿದ್ದು. ಆಮೇಲೆ ಒಳಗೆ ಕುಳಿತು ಗಾಜು ಏರಿಸಿಕೊಳ್ಳುತ್ತಿದ್ದ. ರವಿಕೆ ಅಳತೆ ಕೊಡಲು ಬಂದವರೊಬ್ಬರು, "ಇದೇನಾ ಆ ಶನಿ ಕಾರು?" ಎಂದು ಕೇಳಿದರೆ ಅವನು ಬಾಗಿಲ ಬಳಿ ನಿಂತು, "ಆಂಟಿ, ಅದಕ್ಕೆ ಬೈಬೇಡಿ" ಎಂದ. ಅವನ ಕಣ್ಣಿನಲ್ಲಿ ನೀರಿತ್ತು. ಅಜ್ಜಿ ಬಿದ್ದಾಗಲೂ ಅಳದ ಹುಡುಗ ಒಂದು ಕಬ್ಬಿಣದ ಡಬ್ಬಕ್ಕೆ ಅಳುತ್ತಿದ್ದಾನೆ ಎಂದು ನನಗೆ ಮೈ ಉರಿಯಿತು.

ಈ ಸ್ಥಿತಿಯಲ್ಲಿ ಆ ಭಾನುವಾರದ ಪಿಚ್ಚರು ಬೇರೆ. ಕರೆಂಟು ಬರಲಿಲ್ಲ. ಸಂಜೆ ಮಗ ನೀರು ಕುಡಿಯಲು ಒಳಗೆ ಬಂದಾಗ ಅವನನ್ನೇ ಕೇಳಿದೆ.

"ಆ ಕಾರಿನ ಪಿಚ್ಚರ್ ನೀನು ನೋಡಿದ್ದೀಯೇನೋ? ಕೊನೆಗೆ ಆ ತಾಯಿ ಏನಾಗ್ತಾಳೆ?"

"ಗೊತ್ತಿಲ್ಲ. ಅಂಥ ಪಿಚ್ಚರಲ್ಲಿ ಅಮ್ಮಂದಿರು ಯಾವಾಗ್ಲೂ ಲೇಟಾಗಿ ಬರ್ತಾರೆ."

"ಎಲ್ಲಿಗೆ?"

"ಎಲ್ಲಿಗಾದ್ರೂ."

ನನಗೆ ತಾಳ್ಮೆ ಕೆಟ್ಟಿತು. "ನಿಂಗೆ ಕಾರು ಬೇಕಾ, ಅಜ್ಜಿ ಬೇಕಾ? ಹೇಳು ಈಗ್ಲೇ. ಅಲ್ಲಿ ಮುದುಕಿ ನಿನ್ನ ದಾರಿ ಕಾಯ್ತಾ ಮಲಗಿದಾರೆ" ಎಂದು ಕೂಗಿದೆ. ಅವನು ಲೋಟ ಇಟ್ಟು ಹೊರಗೆ ಹೋಗಿ ಬಂಪರ್ ಒರೆಸತೊಡಗಿದ. ನಾನು ಇನ್ನೂ ಏನೇನೋ ಕೂಗಿದೆ, ಕೇಳುವವರು ಯಾರೂ ಇರಲಿಲ್ಲ.

ಮಾರನೆಯ ದಿನ ಯಾರಿಗೂ ಹೇಳದೆ ಸುತ್ತೂರಿನ ಕಡೆಯಿಂದ ಹೋಗುವ ಬಸ್ಸು ಹತ್ತಿ ಟಿ. ನರಸೀಪುರಕ್ಕೆ ಹೋದೆ. ಕಾರಿನ ಹಿಂದಿನ ಕತೆಯನ್ನು ಅದರ ಯಜಮಾನರನ್ನೇ ಕೇಳಿಬಿಡೋಣ ಎಂದು. ಅತ್ತೆಯ ಅಣ್ಣ ಕಣ್ಣಿನ ಆಪರೇಷನ್ ಆಗಿ ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯ ಮೇಲೆ ಕುಳಿತಿದ್ದರು. ಬೂದಿಯ ಮಾತು ಎತ್ತಿದ್ದೇ ತಡ, ಕನ್ನಡಕ ತೆಗೆದುಬಿಟ್ಟರು.

"ಬೂದಿನಾ? ನನ್ ಕಾರಲ್ಲಾ? ಅಸ್ಥಿ ತತ್ತೀವಿ ಅಂದೋರಿಗೆ ಬ್ಯಾರೆ ಗಾಡಿ ತೋರುಸ್ತಿದ್ದೆ ಕಣವ್ವ. ಮದ್ವೆ ಗಾಡಿ ಅದು. ನೀನೇ ಅದ್ರಲ್ಲಿ ಕುಂತ್ಕಂಡು ಗಂಡನ್ ಮನೆಗೆ ಓದೋಳು. ಮರ್ತೋಯ್ತಾ?"

ಆ ದಿನ ನಾನು ತವರು ಬಿಟ್ಟು ಹೊರಟ ದುಃಖದಲ್ಲಿ ದಾರಿಯುದ್ದಕ್ಕೂ ಅತ್ತಿದ್ದೆ, ಕಾರಿನ ತುಂಬಾ ಹೂವು ಮುಚ್ಚಿತ್ತು. ಅದರ ಬಣ್ಣವೇ ನನಗೆ ನೆನಪಿಲ್ಲ. ಆದರೆ ಅತ್ತೆಗೆ ನೆನಪಿರಲೇಬೇಕು, ಪಕ್ಕದಲ್ಲಿ ಕುಳಿತು ನನಗೆ ನೀರು ಕುಡಿಸಿದವರು ಅವರೇ.

ವಾಪಸ್ ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆ ಒರಗಿಸಿ ಯೋಚಿಸಿದೆ. ಅಣ್ಣ ತಂಗಿಯಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ. ಅಣ್ಣ ಹೇಳಿದರೆ ಗಾಡಿಯ ಮಾನ ಉಳಿಸಲು ಹೇಳಿರಬಹುದು. ತಂಗಿ ಯಾಕೆ ಹೇಳಬೇಕು? ಸೊಂಟ ಮುರಿದುಕೊಂಡು ಮಲಗಿದವರಿಗೆ ಸುಳ್ಳಿನಿಂದ ಏನು ಸಿಗುತ್ತದೆ? ಎಷ್ಟು ಯೋಚಿಸಿದರೂ ಬಗೆಹರಿಯಲಿಲ್ಲ. ಮನೆಗೆ ಬಂದು ಅತ್ತೆಯನ್ನು ಕೇಳೋಣವೆಂದರೆ ಅವರು ಮತ್ತೆ ಅದನ್ನೇ ಕೇಳಿದರು, ಉಡ್ಗ ಬಂದ್ನವ್ವಾ ಎಂದು. ನನ್ನ ಪ್ರಶ್ನೆ ಅಲ್ಲೇ ನಿಂತಿತು.

ಕೊನೆಗೆ ನಮ್ಮ ಮನೆಯವರೇ ತೀರ್ಮಾನ ಮಾಡಿದರು. ಅದರ ಸಹವಾಸವೇ ಬೇಡ, ಗುಜರಿಗೆ ಹಾಕೋಣ ಎಂದು. ಕಾರು ಹೋದರೆ ಮಗ ಒಳಗೆ ಬರುತ್ತಾನೆ ಎಂದು ನಾನೂ ಹೂಂ ಎಂದೆ. ಗುಜರಿಯವನು ಬೆಳಿಗ್ಗೆ ಹಗ್ಗ, ಟೆಂಪೋ ಎಲ್ಲಾ ತಂದ. ಅದನ್ನು ನೋಡಿದ ಮಗ ಹಲ್ಲುಜ್ಜುತ್ತಿದ್ದವನು ಬ್ರಷ್ಷು ಬಿಸಾಡಿ ಓಡಿಹೋಗಿ ಕಾರಿನೊಳಗೆ ಕುಳಿತು ಬಾಗಿಲುಗಳನ್ನೆಲ್ಲ ಲಾಕ್ ಮಾಡಿಕೊಂಡ. ನಮ್ಮ ಮನೆಯವರು ಗಾಜು ಗುದ್ದಿದರು, ಬೈದರು. ಅಕ್ಕಪಕ್ಕದವರು ಗೇಟಿನ ಬಳಿ ಸೇರಿದರು. ನಾನು ಎಡಗಡೆಯ ಗಾಜು ತಟ್ಟುತ್ತಾ ನಿಂತೆ. ಅವನು ನನ್ನ ಕಡೆ ನೋಡಿದ. ಗುರುತು ಸಿಕ್ಕಿತು ಅವನಿಗೆ, ಪಿಚ್ಚರಿನ ಹುಡುಗನ ಹಾಗಲ್ಲ. ತುಂಬಾ ಹೊತ್ತು ನೋಡಿ, ಕೈ ಚಾಚಿ ಲಾಕ್ ಎತ್ತಿದ.

ಒಳಗೆ ಕುಳಿತೆ. ಹಳೆಯ ರೆಕ್ಸಿನ್ನಿನ ವಾಸನೆ, ಅವನ ಬಾಯಲ್ಲಿ ಪೇಸ್ಟಿನ ನೊರೆ.

"ನಾನು ನಿಲ್ಸು ಅನ್ಲೇ ಇಲ್ಲಮ್ಮ" ಎಂದ.

ಏನು ಹೇಳುತ್ತಿದ್ದಾನೆಂದೇ ನನಗೆ ಹತ್ತಲಿಲ್ಲ.

"ಅವತ್ತು. ಬಾ ಬಾ ಅಂತಾನೇ ಇದ್ದೆ. ಮೊಬೈಲಲ್ಲಿ ಚಕ್ರ ಮಾತ್ರ ಕಾಣ್ತಿತ್ತು, ಅಜ್ಜಿ ಕಾಣ್ಲಿಲ್ಲ. ಅಜ್ಜಿ ಬಿದ್ಮೇಲೂ ಇನ್ನೊಂದ್ಸಲ ಬಾ ಅಂದೆ. ಅಜ್ಜಿ ಪಾಪ ನಾನು ನಿಲ್ಸು ಅಂದೆ ಅನ್ಕೊಂಡಿದಾರೆ. ಎಲ್ಲರ ಹತ್ರಾನೂ ನನ್ನ ಒಳ್ಳೇವ್ನು ಅಂತ ಹೇಳ್ತಿದಾರೆ. ಹೆಂಗಮ್ಮ ಅವ್ರ ಮುಂದೆ ಹೋಗ್ಲಿ?" ಅವನು ಸ್ಟೇರಿಂಗಿಗೆ ಹಣೆ ಇಟ್ಟ. "ಎಲ್ಲರೂ ಇದಕ್ಕೇ ಬೈತಾರೆ. ಇದು ಏನೂ ಮಾಡಿಲ್ಲ. ಸುಮ್ನೆ ಬೈಸ್ಕೊಂಡು ನಿಂತಿದೆ. ಈಗ ಕೊಯ್ಯೋಕೂ ತಗೊಂಡ್ ಹೋಗ್ತಾರೆ."

ನಾನು ಅವನ ಬೆನ್ನಿನ ಮೇಲೆ ಕೈಯಿಟ್ಟೆ. ಇಳಿದು ನೇರ ಅತ್ತೆಯ ಕೋಣೆಗೆ ಹೋದೆ. ಅವರು ಹೊರಗಿನ ಗಲಾಟೆ ಕೇಳುತ್ತಾ ದಿಂಬಿನಿಂದ ತಲೆ ಎತ್ತಿದ್ದರು.

"ಅತ್ತೆ, ಅವನು ನಿಲ್ಸು ಅನ್ಲೇ ಇಲ್ವಂತೆ."

ಅತ್ತೆ ತಲೆಯನ್ನು ಮತ್ತೆ ದಿಂಬಿಗೆ ಇಟ್ಟರು. "ಮುರ್ದಿದ್ದು ಸೊಂಟ ಕಣವ್ವ, ಕಿವಿಯಲ್ಲ."

"ನಿಮಗೆ ಗೊತ್ತಿತ್ತಾ?"

"ಅಷ್ಟ್ ಜನ ಮಗೀನ ತೋಳು ಇಡ್ಕಂಡಿದ್ರು. ಇನ್ನೊಂದ್ ಗಳಿಗೆ ಬುಟ್ಟಿದ್ರೆ ಒಡ್ದಾಕ್ಬುಡೋರು. ಕಾರ್‌ಗೆ ಒಡುದ್ರೆ ಅದ್ಕೇನ್ ನೋವಾದದಾ?"

"ಮತ್ತೆ ಬೂದಿ, ಸಂಗಮ, ಅವೆಲ್ಲ?"

"ಒಂದ್ ಸುಳ್ ಏಳುದ್ಮೇಲೆ ಅದುನ್ನ ಸಾಕ್ಬೇಕಲ್ಲವ್ವ."

"ಹಾರನ್ನು?"

"ಅದು ನಂಗೊತ್ತಿಲ್ಲ. ಅದು ನಿಜ್ವಾಗ್ಲೂ ತಾನೇ ಒಡ್ಕತ್ತು."

ನನಗೆ ನಗು ಬಂತೋ ಅಳು ಬಂತೋ ಹೇಳಲಾರೆ. ಅಜ್ಜಿ ಮೊಮ್ಮಗ ಇಬ್ಬರಿಗೂ ಎರಡೆರಡು ಬಿಗಿಯಬೇಕು ಎನಿಸಿತು. ಮೊಮ್ಮಗನನ್ನು ಕಾಯಲು ಹೇಳಿದ ಸುಳ್ಳೇ ಅವನನ್ನು ಈ ಕೋಣೆಯಿಂದ ದೂರ ಇಟ್ಟಿತ್ತು.

"ಅವನಿಗಾದ್ರೂ ಹೇಳ್ಬಾರ್ದಿತ್ತಾ ಅತ್ತೆ?"

"ಬರ್ಲಿ ಅಂತ ಕಾಯ್ತಿದ್ದೆ. ಬಂದ್ರೆ ತಾನೇ ಏಳಾದು" ಎಂದರು. "ನನ್ನ ಕಂಡ್ರೆ ಬ್ಯಾಸ್ರ ಆಗದೆ ಅನ್ಕಂಡೆ."

ಪ್ಲಾಸ್ಟಿಕ್ ಕುರ್ಚಿ ತಂದು, ಅವರನ್ನು ಅದರ ಮೇಲೆ ಕೂರಿಸಿ, ನಾನೂ ನಮ್ಮ ಮನೆಯವರೂ ಎತ್ತಿದೆವು. ಮೆಟ್ಟಿಲಿನಲ್ಲಿ ಗುಜರಿಯವನೂ ಒಂದು ಕೈ ಕೊಟ್ಟ. "ಕಾರು ಏನ್ ಮಾಡಾದಕ್ಕ?" ಎಂದು ಅವನು ಕೇಳಿದರೆ, "ನಂಗೇನ್ ಗೊತ್ತಪ್ಪ, ಮೊದ್ಲು ಎತ್ತು" ಎಂದೆ. ಕುರ್ಚಿಯನ್ನು ಕಾರಿನ ಬಲಗಡೆಯ ಬಾಗಿಲ ಮುಂದೆ ಇಳಿಸಿದೆವು. ಅತ್ತೆ ಬಳೆ ಹಾಕಿದ ಕೈಯಿಂದ ಗಾಜು ಕುಟ್ಟಿದರು.

"ಬಾಗ್ಲು ತೆಗಿಲಾ. ನಂಗೆಲ್ಲಾ ಗೊತ್ತು. ಅವತ್ತಿಂದ್ಲೂ ಗೊತ್ತು. ನೀನು ಬಾ ಬಾ ಅಂದಿದ್ದೂ ಕೇಳ್ತು, ಆಮ್ಯಾಕೆ ಅಜ್ಜೀ ಅಂತ ಕಿರುಚ್ಕಂಡಿದ್ದೂ ಕೇಳ್ತು."

ಅವನು ಅಲ್ಲಾಡದೆ ಕುಳಿತಿದ್ದ. ಅತ್ತೆ ಧ್ವನಿ ಬದಲಿಸಿದರು. ಬೀಳುವ ಮೊದಲು ದಿನಾ ಸಂಜೆ ಕಾಲು ಒತ್ತಿಸಿಕೊಳ್ಳಲು ಅವನನ್ನು ಕರೆಯುತ್ತಿದ್ದ ಮಾಮೂಲಿ ಧ್ವನಿ ಅದು.

"ಕಾಲು ಜೋಮಿಡ್ದದೆ ಕಣ್ಲಾ. ಒತ್ತು ಬಾ."

ಬಾಗಿಲು ತೆರೆಯಿತು. ಅವನು ಇಳಿದು ಅವರ ಮುಂದೆ ಮಣ್ಣಿನಲ್ಲೇ ಕುಳಿತ. ತಲೆ ಎತ್ತಲಿಲ್ಲ. ಕೈ ಚಾಚಿ ಬಲಗಾಲನ್ನು ಬೆರಳ ತುದಿಯಲ್ಲಿ ಮುಟ್ಟಿದ. ಅದು ಏನೂ ಆಗದ, ಚೆನ್ನಾಗಿದ್ದ ಕಾಲು.

"ಅದಲ್ಲ" ಎಂದು ಅತ್ತೆ ಅವನ ಮಣಿಕಟ್ಟು ಹಿಡಿದು ಎಡಗಾಲಿನ ಮೇಲೆ ಇಟ್ಟುಕೊಂಡರು. "ಇದು. ಮೆಲ್ಲುಗ್ ಒತ್ತು."

ಅವನು ಒತ್ತತೊಡಗಿದ.